ಸಣ್ಣ ಹಾಯಿದೋಣಿಗೆ ಕಾಯಂ ಲಂಗರು: ಕಾಂಕ್ರೀಟಾ, ಅಣಬೆಯಾ, ಸ್ಕ್ರೂನಾ?

ಮೊದಲು ನೀರಿನ ತಳ ನೋಡಿ, ಲಂಗರಿನ ಮಾತು ಆಮೇಲೆ. ಕೆಸರೋ, ಮರಳೋ, ಬಂಡೆಯೋ ಗೊತ್ತಾದರೆ ಅರ್ಧ ತೀರ್ಮಾನ ಮುಗಿದಂತೆ.

ಎಲ್ಲರಿಗೂ ಮೊದಲು ಹೊಳೆಯುವುದು ಕಾಂಕ್ರೀಟ್ ಬ್ಲಾಕ್. ಅಗ್ಗ, ಬಂಡೆಯ ಮೇಲೂ ಕೂರುತ್ತದೆ. ಆದರೆ ನೀರಿಗಿಳಿದ ಕೂಡಲೇ ಅದರ ತೂಕ ಸುಮಾರು ಶೇ. 40ರಷ್ಟು ಇಳಿಯುತ್ತದೆ. 500 ಕಿಲೋ ಬ್ಲಾಕ್ ಅಲ್ಲಿ ಬರೀ 300 ಕಿಲೋ! ಅದೇ ಎರಕದ ಕಬ್ಬಿಣವಾದರೆ ಏಳನೇ ಒಂದು ಪಾಲಷ್ಟೇ ಕಳೆದುಕೊಳ್ಳುತ್ತದೆ.

ಅಣಬೆ ಆಕಾರದ ಲಂಗರು ಮೆತ್ತನೆ ಕೆಸರಿಗೆ ಸರಿ. ನಿಧಾನವಾಗಿ ಹೂತುಕೊಂಡಷ್ಟೂ ಹಿಡಿತ ಜಾಸ್ತಿ. ಹಾಕಿದ ಮರುವಾರವೇ ಬಿರುಗಾಳಿ ಬಂದರೆ ಮಾತ್ರ ನಂಬಬೇಡಿ. ಗಟ್ಟಿ ತಳದಲ್ಲಿ ಸುಮ್ನೆ ಮಲಗಿರುತ್ತದೆ.

ತಳ ಒಪ್ಪುವುದಾದರೆ ನನ್ನ ಮತ ಸ್ಕ್ರೂ ಲಂಗರಿಗೆ. ಅದು ತೂಕದಿಂದಲ್ಲ, ಮಣ್ಣನ್ನು ಕಚ್ಚಿ ನಿಲ್ಲುತ್ತದೆ. ಕೂರಿಸಲು ಡೈವರ್ ಅಥವಾ ಯಂತ್ರ ಬೇಕು, ಖರ್ಚು ಹೆಚ್ಚು. ಬಂಡೆಯಿದ್ದರೆ ಆಸೆ ಬಿಡಿ.

ಯಾವುದನ್ನೇ ಹಾಕಿದರೂ ತಳದಲ್ಲಿ ದಪ್ಪ ಸರಪಳಿ, ಮೇಲೆ ತೆಳುವಾದದ್ದು, ನಡುವೆ ತಿರುಗುವ ಕೊಂಡಿ. ಸರಪಳಿಯ ಉದ್ದವನ್ನು ಉಬ್ಬರದ ಆಳ ನೋಡಿಯೇ ಲೆಕ್ಕ ಹಾಕಿ. ಹಾಗಂತ ತೀರಾ ಉದ್ದ ಬಿಡಬೇಡಿ, ಗಾಳಿ ತಿರುಗಿದಾಗ ಪಕ್ಕದ ದೋಣಿಗೆ ತಾಗಬಾರದು ಅಲ್ವಾ? ಸರಪಳಿಯನ್ನು ದೋಣಿಗೆ ಕಟ್ಟುವ ಹಗ್ಗ ದೋಣಿಗೆ ಉಜ್ಜುವಲ್ಲಿ ಹೊದಿಕೆ ಸುತ್ತಿ. ವರ್ಷಕ್ಕೊಮ್ಮೆ ಸರಪಳಿಯ ಸವೆತ ನೋಡಿಸಿ.