ಮಕ್‌ಚೇನ್ ಸತ್ಯವೇದ ವಾಚನ ಪಟ್ಟಿ: ಎಲ್ಲಿ ಗಟ್ಟಿ, ಎಲ್ಲಿ ಸೋಲುತ್ತದೆ

ಸ್ಕಾಟ್ಲೆಂಡಿನ ಡಂಡೀಯಲ್ಲಿ ಸಭಾಪಾಲಕರಾಗಿದ್ದ (ಪಾದ್ರಿ) ರಾಬರ್ಟ್ ಮರ್ರೆ ಮಕ್‌ಚೇನ್ 1842ರ ಕೊನೆಗೆ ತಮ್ಮ ಸಭೆಯವರಿಗಾಗಿ ಮಾಡಿಕೊಟ್ಟ ಸತ್ಯವೇದ (ಬೈಬಲ್) ಓದುವ ಪಟ್ಟಿ ಇದು. ವರ್ಷದಲ್ಲಿ ಹಳೇ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ ಮುಗಿಯುತ್ತವೆ. ಜನವರಿ 1ಕ್ಕೆ ಆದಿಕಾಂಡ, ಮತ್ತಾಯ, ಎಜ್ರ, ಅಪೊಸ್ತಲರ ಕೃತ್ಯಗಳು ನಾಲ್ಕೂ ಒಟ್ಟಿಗೆ ಶುರು. ಮೊದಲೆರಡು ಕುಟುಂಬ ಪ್ರಾರ್ಥನೆಗೆ, ಉಳಿದೆರಡು ಏಕಾಂತಕ್ಕೆ.

ಲೆಕ್ಕ ಹಾಕಿದರೆ ಸುಮಾರು 1,600 ಅಧ್ಯಾಯ, ದಿನಕ್ಕೆ ನಾಲ್ಕಕ್ಕಿಂತ ತುಸು ಜಾಸ್ತಿ. ಗಟ್ಟಿಯಾಗಿ ಓದಿದರೆ ಹದಿನೈದು ಇಪ್ಪತ್ತು ನಿಮಿಷ ಬೇಕು.

ಈ ಪಟ್ಟಿಯ ನಿಜವಾದ ಬೆಲೆ ತಿಳಿಯಬೇಕಾದರೆ ಏಪ್ರಿಲ್ 21 ತೆಗೆದು ನೋಡಿ. ಯಾಜಕಕಾಂಡ 25ರಲ್ಲಿ ಜೂಬಿಲಿ ವರ್ಷ, ಕಳೆದುಕೊಂಡ ಹೊಲ ಮತ್ತೆ ಮನೆತನಕ್ಕೆ ಬರುತ್ತದೆ. ಕೀರ್ತನೆ 32ರಲ್ಲಿ ಪಾಪವನ್ನು ಬಾಯಿಬಿಡದೆ ಇಟ್ಟುಕೊಂಡವನ ಎಲುಬು ಸವೆಯುತ್ತದೆ, ಅರಿಕೆ ಮಾಡಿದ ಮೇಲೆ ಉಸಿರು ಬರುತ್ತದೆ. ಪ್ರಸಂಗಿ 8 ಸಾವಿನ ದಿನದ ಮೇಲೆ ಯಾರಿಗೂ ಅಧಿಕಾರವಿಲ್ಲ ಎನ್ನುತ್ತದೆ. ನಾಲ್ಕನೆಯದು 2 ತಿಮೊಥೆಯ 4, ಓಟ ಮುಗಿಸಿದೆ ಎಂದು ಪೌಲ ಬರೆದ ಅಧ್ಯಾಯ. ಅದೇ ಅಧ್ಯಾಯದ 11ನೇ ವಚನವನ್ನು ಬೇಗ ದಾಟಬೇಡಿ. ಯಾವ ಮಾರ್ಕನ ವಿಷಯದಲ್ಲಿ ಪೌಲನೂ ಅವನ ಜೊತೆಗಾರ ಬಾರ್ನಬನೂ ಜಗಳವಾಡಿ ಬೇರೆಯಾದರೋ (ಕೃತ್ಯಗಳು 15) ಅವನನ್ನೇ ಕರೆದುಕೊಂಡು ಬಾ, ಅವನಿಂದ ನನಗೆ ಉಪಯೋಗವಿದೆ ಎನ್ನುತ್ತಾನೆ. ಓಟ ಮುಗಿಸುವವನು ಹಳೆಯ ಮುನಿಸನ್ನೂ ಮುಗಿಸಿಕೊಳ್ಳುತ್ತಿದ್ದಾನೆ. ಒಂದೊಂದೇ ಪುಸ್ತಕ ಹಿಡಿದು ಓದುವವರಿಗೆ ಈ ನಾಲ್ಕು ಒಂದೇ ದಿನ ಕೂಡಿಬರುವುದಿಲ್ಲ.

ಇನ್ನು ಕೊರತೆಗಳು. ತಾನು ಕೊಡುವ ವಸ್ತುವಿನ ದೋಷವನ್ನು ತಾನೇ ಪಟ್ಟಿ ಮಾಡಿದವರು ಕಡಿಮೆ, ಮಕ್‌ಚೇನ್ ಮಾಡಿದ್ದಾರೆ. ಬರೀ ಆಚಾರವಾಗಿಬಿಡುವುದು, ಸ್ವನೀತಿ (ತಾನೇ ನೀತಿವಂತನೆಂಬ ಭಾವ), ಮನಸ್ಸಿಲ್ಲದ ಓದು, ಹೊರಲಾರದ ನೊಗ. ನಾಲ್ಕೂ ಇಂದಿಗೂ ಹಾಗೇ ಕಾಣುತ್ತವೆ. ಹೆಚ್ಚು ಜನ ಬಿಡುವುದು ನಾಲ್ಕನೆಯದರಿಂದ. ಮೂರು ದಿನ ತಪ್ಪಿದರೆ ಹದಿಮೂರು ಅಧ್ಯಾಯ ಬಾಕಿ, ಭಾನುವಾರ ಕೂತು ತೀರಿಸುವ ಹಟ, ಕಣ್ಣು ಓಡುತ್ತದೆ, ಕಿವಿಗೆ ಬೀಳುವುದಿಲ್ಲ. ಮುಂದಿನ ವಾರ ಹಾಳೆ ಪುಸ್ತಕದೊಳಗೇ ಉಳಿಯುತ್ತದೆ. ಬಾಕಿಯನ್ನು ಬಿಟ್ಟು ಇವತ್ತಿನ ತಾರೀಖಿಗೆ ಬನ್ನಿ. ತಪ್ಪಿದ್ದು ಹೊಸ ಒಡಂಬಡಿಕೆಯದೋ ಕೀರ್ತನೆಯದೋ ಆದರೆ ಅದೇ ವರ್ಷದಲ್ಲಿ ಇನ್ನೊಂದು ಸಲ ಬಂದೇ ಬರುತ್ತದೆ ಅಥವಾ ಆಗಲೇ ಬಂದಿರುತ್ತದೆ. ನವೆಂಬರಿನ ಮಧ್ಯಕ್ಕೆ 1 ಪೂರ್ವಕಾಲವೃತ್ತಾಂತದ ವಂಶಾವಳಿಗಳು ಬರುತ್ತವೆ, ಒಂಬತ್ತು ಅಧ್ಯಾಯ. ಅಲ್ಲಿ ವೇಗವಾಗಿ ಓದಿದರೆ ತಪ್ಪೇನಿಲ್ಲ.

ದೊಡ್ಡ ಕೊರತೆ ಬೇರೆಯೇ ಇದೆ. ಪಟ್ಟಿಯಲ್ಲಿ ಓದಿದ್ದಕ್ಕೆ ಗುರುತು ಹಾಕಬಹುದು, ನಡೆದದ್ದಕ್ಕೆ ಜಾಗವಿಲ್ಲ. ಕಡೆಗಾಲದಲ್ಲಿ ಕೊರೆಯುವುದು ಓದದೆ ಬಿಟ್ಟ ಅಧ್ಯಾಯವಲ್ಲ, ಕೇಳದೆ ಬಿಟ್ಟ ಕ್ಷಮೆ, ತೀರಿಸದ ಸಾಲ, ನಾಳೆ ಹೋಗಿ ನೋಡೋಣ ಎಂದುಕೊಂಡ ರೋಗಿ. ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಸಾಲು: ಇವತ್ತು ಯಾರಿಗೆ ಏನು ಮಾಡಬೇಕು. ಹೆಸರು ಬರೆಯಿರಿ, "ಪ್ರೀತಿಯಿಂದಿರಬೇಕು" ಎಂಬಂಥ ಮಾತು ಬೇಡ. ಮೂರು ದಿನವಾದರೂ ಹೊಡೆದುಹಾಕಲಾಗದ ಹೆಸರು ಪ್ರಾರ್ಥನೆಯಲ್ಲಿ ಮೊದಲು ಬರಲಿ. ಇದಕ್ಕೆ ಆ್ಯಪ್‌ಗಿಂತ ಕಾಗದದ ಹಾಳೆಯೇ ವಾಸಿ. ಆ್ಯಪ್ ದಿನ ತಪ್ಪಿದ ಎಣಿಕೆ ತೋರಿಸಿ ಸ್ವನೀತಿಯನ್ನೋ ಹತಾಶೆಯನ್ನೋ ಬೆಳೆಸುತ್ತದೆ.

ಹೊಸಬರು, ಕಣ್ಣು ಮಂಜಾದವರು, ಎಳೆಯ ಮಕ್ಕಳಿರುವ ಮನೆಯವರು ಎರಡು ವರ್ಷಕ್ಕೆ ಹಂಚಿಕೊಳ್ಳಲಿ: ಈ ವರ್ಷ ಕುಟುಂಬದ ಎರಡು ಸಾಲು, ಮುಂದಿನ ವರ್ಷ ಏಕಾಂತದ ಎರಡು. ಮಕ್‌ಚೇನ್ ಸ್ವತಃ ಈ ಪಟ್ಟಿಯ ಮೊದಲ ವರ್ಷವನ್ನು ಮುಗಿಸಲಿಲ್ಲ. 1843ರ ಮಾರ್ಚ್ 25ರಂದು, 29ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ದಿನದ ನಾಲ್ಕನೆಯ ಅಧ್ಯಾಯ ಎಫೆಸ 5.