ಹಾಡ್ಜ್‌ಡನ್ ಎಚ್‌4350: ವೇಗವೂ ಸಾಕು, ಬ್ಯಾರೆಲ್ಲೂ ಬಾಳುತ್ತದೆ

ಅಮೆರಿಕದಲ್ಲಿ 6.5 ಕ್ರೀಡ್‌ಮೋರ್ ಎಂಬ ತೋಟಾ ಹೊಡೆಯುವ ರೈಫಲ್‌ಗೆ ತಾವೇ ತೋಟಾ ತುಂಬಿಕೊಳ್ಳುವವರು ಒಂದೇ ಒಂದು ಮದ್ದು (ತೋಟಾದೊಳಗೆ ಉರಿದು ಗುಂಡನ್ನು ತಳ್ಳುವ ಪುಡಿ) ಕೊಳ್ಳುವುದಾದರೆ ಹಾಡ್ಜ್‌ಡನ್ ಕಂಪನಿಯ ಎಚ್‌4350 ಕೊಳ್ಳಲಿ. ಇದಕ್ಕಿಂತ ಹೆಚ್ಚು ವೇಗ ಕೊಡುವ ಮದ್ದುಗಳು ಇವೆ. ಆದರೆ ಆ ವೇಗಕ್ಕೆ ದಂಡ ಕಟ್ಟುವುದು ಬ್ಯಾರೆಲ್, ಮತ್ತು ಕಟ್ಟಿದ ದಂಡಕ್ಕೆ ತಕ್ಕ ಫಲ ಗುರಿಹಲಗೆಯ ಮೇಲೆ ಕಾಣುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಒಳ್ಳೆಯ 140 ಗ್ರೇನ್ (ಸುಮಾರು 9 ಗ್ರಾಂ) ತೂಕದ ಮ್ಯಾಚ್, ಅಂದರೆ ಸ್ಪರ್ಧೆಯ, ಗುಂಡು ಸೆಕೆಂಡಿಗೆ 2,700 ಅಡಿ ವೇಗದಲ್ಲಿ ಹೊರಟರೆ, ಗಂಟೆಗೆ 10 ಮೈಲಿಯ ಅಡ್ಡಗಾಳಿ ಅದನ್ನು ಸಾವಿರ ಗಜದಲ್ಲಿ ಸುಮಾರು ಐದೂವರೆ ಅಡಿ ಪಕ್ಕಕ್ಕೆ ತಳ್ಳುತ್ತದೆ. ವೇಗವನ್ನು 2,800ಕ್ಕೆ ಏರಿಸಿದರೆ ಈ ಸರಿಯುವಿಕೆ ಕಡಿಮೆಯಾಗುವುದು ಮೂರು ನಾಲ್ಕು ಇಂಚು ಮಾತ್ರ. ಗಾಳಿಯ ಅಂದಾಜಿನಲ್ಲಿ ಒಂದೇ ಒಂದು ಮೈಲಿ ತಪ್ಪಿದರೆ ಗುಂಡು ಆರೇಳು ಇಂಚು ಸರಿಯುತ್ತದೆ. ಗುಂಡು ಕೆಳಗಿಳಿಯುವುದನ್ನಂತೂ ಸ್ಕೋಪ್ ತಿರುಗಿಸಿ ಸರಿಮಾಡಬಹುದು, ಅದು ಸಮಸ್ಯೆಯೇ ಅಲ್ಲ. ಹೀಗಿರುವಾಗ ನೂರು ಅಡಿ ವೇಗಕ್ಕಾಗಿ ಒತ್ತಡವನ್ನು ಮಿತಿಯ ಆಚೆ ತಳ್ಳುವುದು ತಪ್ಪು ಎಂದೇ ನಮ್ಮ ಅಭಿಪ್ರಾಯ.

ಬ್ಯಾರೆಲ್ ಸವೆಯುವುದು ಗುಂಡಿನ ಉಜ್ಜಾಟದಿಂದ ಎಂದು ಹಲವರು ಭಾವಿಸುತ್ತಾರೆ. ನಿಜವಾಗಿ ಅದನ್ನು ಕೊಲ್ಲುವುದು ಬಿಸಿ ಅನಿಲ. ತೋಟಾ ಕೂರುವ ಚೇಂಬರ್ ಮುಗಿದು, ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳು (ರೈಫ್ಲಿಂಗ್) ಶುರುವಾಗುವ ಥ್ರೋಟ್ ಭಾಗದಲ್ಲಿ ಉಕ್ಕಿನ ಮೇಲ್ಪದರ ಪ್ರತಿ ಈಡಿಗೂ ಕ್ಷಣಮಾತ್ರ ಕಾದು ಆರುತ್ತದೆ, ಗಡುಸಾಗುತ್ತದೆ, ಬಿರುಕು ಬಿಟ್ಟು ಚೂರುಚೂರಾಗಿ ಕಿತ್ತುಹೋಗುತ್ತದೆ. ನಳಿಗೆಯ ಒಳಗನ್ನು ತೋರಿಸುವ ಬೋರ್‌ಸ್ಕೋಪ್ ಇಳಿಸಿದರೆ ಬೇಸಿಗೆಯ ಕೆರೆಯಂಗಳದಂಥ ಬಿರುಕುಗಳು ಕಾಣುತ್ತವೆ. .308 ವಿಂಚೆಸ್ಟರ್ ಎಂಬ ಇನ್ನೊಂದು ತೋಟಾ ಕೂಡ ಹೆಚ್ಚುಕಮ್ಮಿ ಇಷ್ಟೇ ಮದ್ದು ಸುಡುತ್ತದೆ, ಆದರೆ ಅದರ ನಳಿಗೆಯ ತೂತಿನ ವಿಸ್ತೀರ್ಣ ಸುಮಾರು ಶೇಕಡಾ 36 ಹೆಚ್ಚು. ಅದಕ್ಕೇ ಅದು ಐದು ಸಾವಿರ ಈಡು ದಾಟುತ್ತದೆ, 6.5 ಕ್ರೀಡ್‌ಮೋರ್ ಸ್ಪರ್ಧೆಯ ನಿಖರತೆಯನ್ನು 2,500–3,000 ಈಡಿನವರೆಗಷ್ಟೇ ಉಳಿಸಿಕೊಳ್ಳುತ್ತದೆ.

ಎಚ್‌4350 ಆಸ್ಟ್ರೇಲಿಯಾದ ಮಲ್ವಾಲಾ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಆ ದೇಶದಲ್ಲಿ ಇದರ ಹೆಸರು ಎಆರ್2209. ನೈಟ್ರೋಗ್ಲಿಸರಿನ್ ಬೆರೆಸದ ಮದ್ದು ಇದು. ವಿಹ್ಟಾವುವೋರಿ ಎನ್550ರಂಥ ಮದ್ದುಗಳು ನೈಟ್ರೋಗ್ಲಿಸರಿನ್ ಬಲದಿಂದ ಹೆಚ್ಚು ಶಕ್ತಿ ಕೊಡುತ್ತವೆ, ಜೊತೆಗೆ ಜ್ವಾಲೆಯ ಬಿಸಿಯನ್ನೂ ಏರಿಸುತ್ತವೆ. ಎಚ್‌4350ರ ಇನ್ನೊಂದು ಗುಣ ಹವೆಗೆ ಜಗ್ಗದಿರುವುದು. ಚಳಿಗಾಲದಲ್ಲಿ ಹೊಂದಿಸಿದ ಈಡು ಟೆಕ್ಸಾಸ್‌ನ ಜುಲೈ ಬಿಸಿಲಿನಲ್ಲೂ ಹೆಚ್ಚು ಬದಲಾಗುವುದಿಲ್ಲ. ಹಾಗೆಂದು ಕಾದ ಚೇಂಬರಿನಲ್ಲಿ ತೋಟಾ ಬಿಟ್ಟು ಮಾತಿಗೆ ನಿಲ್ಲಬೇಡಿ, ಆ ಬಿಸಿಗೆ ಯಾವ ಮದ್ದೂ ತಡೆಯದು.

ಈಗ ತೋಟಾದ ಮದ್ದಿನ ಅಳತೆ ಹೊಂದಿಸುವ ಕ್ರಮ. ಹೊಸ ಬ್ಯಾರೆಲ್ ಮೊದಲ 100–200 ಈಡುಗಳಲ್ಲಿ ತಾನಾಗಿಯೇ ವೇಗ ಹೆಚ್ಚಿಸಿಕೊಳ್ಳುತ್ತದೆ. ಅದಕ್ಕೂ ಮುಂಚೆ ಗರಿಷ್ಠದ ಹತ್ತಿರ ಹೊಂದಿಸಿದರೆ, ಆಮೇಲೆ ಅದೇ ತೋಟಾ ಒತ್ತಡದ ಮಿತಿ ಮೀರುತ್ತದೆ. ಹಾಗಾಗಿ ಅಲ್ಲಿಯವರೆಗೆ ಹಗುರ ಈಡು ಹೊಡೆಯಿರಿ. ನಂತರ ಹಾಡ್ಜ್‌ಡನ್ ಪ್ರಕಟಿಸಿರುವ ಕೋಷ್ಟಕದಲ್ಲಿ ನಿಮ್ಮದೇ ಗುಂಡಿನ ತೂಕಕ್ಕೆ ಕೊಟ್ಟಿರುವ ಆರಂಭದ ಅಳತೆಯಿಂದ ಹೊರಟು, 0.3 ಗ್ರೇನ್‌ನಂತೆ ಏರಿಸುತ್ತಾ ಪ್ರತಿ ಹಂತಕ್ಕೂ ಮೂರು ಈಡು, ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟು ಹೊಡೆಯಿರಿ. ಕೋಷ್ಟಕದ ವೇಗ ಸಿಕ್ಕಿತೆಂದರೆ ಅದರ ಒತ್ತಡವೂ ಬಂತೆಂದೇ ತಿಳಿಯಿರಿ, ತಟ್ಟೆಯಲ್ಲಿ ಮದ್ದು ಎಷ್ಟೇ ಕಡಿಮೆ ಇರಲಿ. ನಿಮ್ಮ ಬ್ಯಾರೆಲ್ ಕೋಷ್ಟಕದ ಬ್ಯಾರೆಲ್‌ಗಿಂತ ಗಿಡ್ಡವಾಗಿದ್ದರೆ ಇಂಚಿಗೆ 20–25 ಅಡಿ ವೇಗ ಕಳೆದು ಹೋಲಿಸಿ. ಚೇಂಬರ್ ಮುಚ್ಚುವ ಬೋಲ್ಟ್ ಎತ್ತಲು ಬಿಗಿಯಾಗುವುದು, ತೋಟಾದ ಹಿತ್ತಾಳೆ ಕೇಸಿನ ತಳದಲ್ಲಿ ಅದನ್ನು ಹೊರಗೆಸೆಯುವ ಎಜೆಕ್ಟರ್‌ನ ಗುರುತು ಮೂಡುವುದು, ಕಿಡಿ ಹೊತ್ತಿಸುವ ಪ್ರೈಮರ್ ಕೂರುವ ಗುಳಿ ಸಡಿಲಾಗುವುದು, ಇವೆಲ್ಲ ತಡವಾಗಿ ಬರುವ ಸೂಚನೆಗಳು. ಅವು ಕಂಡ ಹೊತ್ತಿಗೆ ಈ ಕಾರ್ಟ್ರಿಜ್‌ನ 62,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡದ ಮಿತಿ ಎಂದೋ ದಾಟಿರುತ್ತದೆ.

ಅಳೆಯುವ ವಿಚಾರದಲ್ಲಿ ಇದು ಮಧ್ಯಮ. ಕಾಳು ಗಿಡ್ಡವಾದ್ದರಿಂದ ಹಳೆಯ ಐಎಂಆರ್ 4350ಗಿಂತ ಸಲೀಸಾಗಿ ಇಳಿಯುತ್ತದೆ, ಆದರೂ ತಿರುಗಿಸುವ ಅಳತೆ ಡಬ್ಬಿಯಲ್ಲಿ ಒಂದೆರಡು ಕಾಳು ಕತ್ತರಿಸಿ ಅಳತೆ ಏರುಪೇರಾಗುತ್ತದೆ. ಇಲ್ಲಿ 0.1 ಗ್ರೇನ್ ಎಂದರೆ ಸುಮಾರು 5 ಅಡಿ ವೇಗ. ದೂರದ ಗುರಿಗೆ ತೂಗಿಯೇ ಹಾಕಿ. ಇನ್ನೊಂದು ಎಚ್ಚರಿಕೆ: ಐಎಂಆರ್ 4350, ಅಕ್ಯುರೇಟ್ 4350, ಎಚ್‌4350 ಮೂರೂ ಬೇರೆ ಬೇರೆ ಮದ್ದುಗಳು. ಒಂದರ ಕೋಷ್ಟಕ ನೋಡಿ ಇನ್ನೊಂದನ್ನು ತುಂಬಬಾರದು.

ಚೆನ್ನಾಗಿ ನಡೆಯುತ್ತಿದ್ದ ಈಡು ಕೆಲವು ನೂರು ಸುತ್ತಿನ ನಂತರ ಏಕಾಏಕಿ ವೇಗ ಏರಿಸಿಕೊಂಡು ಬೋಲ್ಟ್ ಬಿಗಿಯಾದರೆ ಮದ್ದನ್ನು ದೂರಬೇಡಿ. ಕೇಸಿನ ಬಾಯಿ ಮುಗಿಯುವಲ್ಲಿ ಗಟ್ಟಿ ಇಂಗಾಲದ ಉಂಗುರ ಕಟ್ಟಿರುತ್ತದೆ. ಅದನ್ನು ಇಂಗಾಲ ಕರಗಿಸುವ ದ್ರಾವಣದಲ್ಲಿ ನೆನೆಸಿ ಬ್ರಷ್‌ನಿಂದ ತೆಗೆಯಬೇಕು. ಥ್ರೋಟ್ ಸವೆತ ತಿಳಿಯಲು ಬ್ಯಾರೆಲ್ ಹೊಸದಿರುವಾಗಲೇ ಗುಂಡು ರೈಫ್ಲಿಂಗ್‌ಗೆ ತಾಗುವ ಉದ್ದವನ್ನು ಕಂಪ್ಯಾರೇಟರ್‌ನಿಂದ ಅಳೆದು ಬರೆದಿಡಿ, 300 ಈಡಿಗೊಮ್ಮೆ ಮತ್ತೆ ಅಳೆಯಿರಿ. ಗುಂಡನ್ನು ರೈಫ್ಲಿಂಗ್‌ಗೆ ತಾಗಿಸಿ ಕೂರಿಸಿದರೆ ಪ್ರತಿ ಸವೆತವನ್ನೂ ಬೆನ್ನಟ್ಟಬೇಕಾಗುತ್ತದೆ. ಇಂಚಿನ ಸಾವಿರ ಭಾಗಗಳಲ್ಲಿ 40–60 ಭಾಗದಷ್ಟು ಹಿಂದಿಟ್ಟರೂ ಚೆನ್ನಾಗಿ ಹೊಡೆಯುವ ಗುಂಡು ಸಿಕ್ಕರೆ ಆ ತಲೆನೋವು ಬಹಳಷ್ಟು ಇಳಿಯುತ್ತದೆ. ಇದೆಲ್ಲಕ್ಕಿಂತ ಬ್ಯಾರೆಲ್‌ಗೆ ಹೆಚ್ಚು ಪೆಟ್ಟು ಬೀಳುವುದು ಅವಸರದಿಂದ: ಒಂದೂವರೆ ನಿಮಿಷದಲ್ಲಿ ಹತ್ತು ಈಡು ಹೊಡೆಯುವ ಸ್ಪರ್ಧೆಯ ಅಭ್ಯಾಸವನ್ನು ಅಗತ್ಯಕ್ಕಿಂತ ಹೆಚ್ಚು ಮಾಡಬೇಡಿ, ಮುಟ್ಟಲಾಗದಷ್ಟು ಕಾದರೆ ನಿಲ್ಲಿಸಿ.

ಒಂದು ಪೌಂಡ್‌ನಲ್ಲಿ 7,000 ಗ್ರೇನ್. ಈಡಿಗೆ ಅಂದಾಜು 40 ಗ್ರೇನ್ ಹಿಡಿದರೆ 175 ತೋಟಾ, ಎಂಟು ಪೌಂಡಿನ ಜಾಡಿಗೆ 1,400. ಎರಡು ಜಾಡಿ ಒಂದು ಬ್ಯಾರೆಲ್‌ನ ಸ್ಪರ್ಧಾ ಆಯುಷ್ಯಕ್ಕೆ ಸರಿಹೋಗುತ್ತದೆ. ಕೊರಿಯರ್‌ನಲ್ಲಿ ತರಿಸಿದರೆ ಅಪಾಯಕಾರಿ ಸರಕಿನ ಶುಲ್ಕ ಬೇರೆ ಬೀಳುವುದರಿಂದ ಎರಡನ್ನೂ ಒಟ್ಟಿಗೆ, ಒಂದೇ ಲಾಟ್ (ತಯಾರಿಕೆಯ ಕಂತು) ಸಂಖ್ಯೆಯದನ್ನೇ ಕೇಳಿ ತರಿಸಿ. ಲಾಟ್ ಬದಲಾದರೆ ಒಂದು ಗ್ರೇನ್ ಕೆಳಗಿಳಿದು ಮತ್ತೆ ಹೊಂದಿಸಬೇಕು. ಎಚ್1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವ ಕನ್ನಡಿಗರು ಗಮನಿಸಬೇಕಾದ್ದು: ಮಾನ್ಯ ಬೇಟೆ ಪರವಾನಗಿಯಂಥ ವಿನಾಯಿತಿ ಇಲ್ಲದೆ ಬಂದೂಕು, ತೋಟಾ ಇಟ್ಟುಕೊಳ್ಳುವುದು ಅಲ್ಲಿನ ಫೆಡರಲ್ ಕಾನೂನಿಗೆ ವಿರುದ್ಧ, ಮದ್ದೂ ಕಾನೂನಿನ ಪ್ರಕಾರ ತೋಟಾದ ಲೆಕ್ಕಕ್ಕೇ ಸೇರುತ್ತದೆ.

ಇದರ ದೊಡ್ಡ ಕೊರತೆ ಸಿಗದಿರುವುದು. ಅಂಗಡಿಗೆ ಬಂದ ಮಾಲು ಬೇಗ ಖಾಲಿಯಾಗುತ್ತದೆ. ಆಗ ಅಲಯಂಟ್ ರೀಲೋಡರ್ 16 ಕೊಳ್ಳಿ: ಹವೆಗೆ ಅದೂ ಜಗ್ಗುವುದಿಲ್ಲ, ವೇಗವೂ ಸರಿಸಮ. ಆದರೆ ಅದರದೇ ಕೋಷ್ಟಕ ತೆರೆದು, ಆರಂಭದ ಅಳತೆಯಿಂದಲೇ ಹೊರಡಿ.