ಮೂರು ಮಳೆಗಾಲ ಡೋಕುವಿಕಿ ಬಳಸಿದ ಮೇಲೆ: ನಮ್ಮ ಲೈಬ್ರರಿ ಸ್ಟಾಫ್ ಕಥೆ

ಮಡಿಕೇರಿ ಹತ್ರ ಒಂದು ಕಾಲೇಜ್ ಲೈಬ್ರರೀಲಿ ಇದೀನಿ, ಸ್ಟಾಫ್ ನಾಲ್ಕೇ ಜನ. ಮೊದ್ಲು ನಮ್ಮ ರೂಲ್ಸೆಲ್ಲಾ ಇದ್ದಿದ್ದು ಹಳೇ ಲೈಬ್ರರಿಯನ್ ಸರ್ ತಲೇಲಿ, ಉಳಿದಿದ್ದು ವಾಟ್ಸಾಪ್ ಗ್ರೂಪಲ್ಲಿ. ಅವ್ರು ರಿಟೈರ್ ಆದ ವರ್ಷ ಕೋಹಾ (ಬುಕ್ ಕೊಡೋದು, ವಾಪಸ್ ತಗೊಳ್ಳೋದು, ಫೈನ್ ಎಲ್ಲಾ ಲೆಕ್ಕ ಇಡೋ ಲೈಬ್ರರಿ ಸಾಫ್ಟ್‌ವೇರ್) ಕ್ಯಾಲೆಂಡರ್‌ಗೆ ರಜೆ ಹಾಕೋ ಕೆಲ್ಸ ನನ್ ಪಾಲಿಗೆ ಬಂತು, ನಾನು ಮೈಸೂರಿಂದ ಬಂದವ್ಳು, ಸರ್ಕಾರಿ ಪಟ್ಟಿ ನೋಡಿ ಹಾಕ್ದೆ, ಕೆಳಗೆ ಕೊಡಗು ಜಿಲ್ಲೆಗೆ ಮಾತ್ರ ಅಂತ ಇದ್ದ ಸಾಲು ಓದ್ಲೇ ಇಲ್ಲ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಕಳೆದ ಮಾರನೇ ದಿನ ಬುಕ್ ತಂದವ್ರಿಗೆಲ್ಲಾ ಫೈನ್! ಒಬ್ಬ ಹುಡ್ಗ ಕೌಂಟರ್ ಮುಂದೆ ನಿಂತು, "ಹಬ್ಬದ ದಿನ ನೀವು ಬಾಗ್ಲೇ ತೆಗ್ದಿರ್ಲಿಲ್ಲ ಮೇಡಂ, ಯಾರ ಕೈಗೆ ಕೊಡ್ಬೇಕಿತ್ತು?" ಅಂದ. ಏನ್ ಹೇಳೋದು.

ಅದಾದ್ಮೇಲೇ ವಿಕಿ ಹಾಕಿದ್ದು, ಅಂದ್ರೆ ಎಲ್ರೂ ಸೇರಿ ಪುಟ ಬರೆದು ತಿದ್ದೋ ಸಾಫ್ಟ್‌ವೇರ್. ವಿಕಿಪೀಡಿಯ ಓಡೋ ಮೀಡಿಯಾವಿಕಿ ನೋಡಿದ್ವಿ, ಅದಕ್ಕೆ ಡೇಟಾಬೇಸ್ ಬೇಕು, ನಮ್ಮಲ್ಲಿ ಅದನ್ನ ನೋಡ್ಕೊಳ್ಳೋರಿಲ್ಲ. ಡೋಕುವಿಕಿ ಪುಟಗಳನ್ನ ಬರೀ ಟೆಕ್ಸ್ಟ್ ಫೈಲಾಗಿ ಇಟ್ಕೊಳ್ಳುತ್ತೆ, ಫ್ರೀ, ಆಫೀಸಿನ ಹಳೇ ಡೆಸ್ಕ್‌ಟಾಪಲ್ಲೇ ಓಡುತ್ತೆ. ಬ್ಯಾಕಪ್ ಅಂದ್ರೆ ಡೇಟಾ, ಕಾನ್ಫ್ ಎರಡು ಫೋಲ್ಡರ್ ಪೆನ್‌ಡ್ರೈವ್‌ಗೆ ಕಾಪಿ, ಅಷ್ಟೇ. ಜುಲೈ ಮಳೇಲಿ ಇಂಟರ್ನೆಟ್ ವಾರಗಟ್ಲೆ ಸತ್ರೂ ಯುಪಿಎಸ್ ಇರೋವರ್ಗೂ ಒಳಗಿನ ನೆಟ್‌ವರ್ಕಲ್ಲಿ ಪುಟ ತೆರೆಯುತ್ತೆ, ನಂಗೆ ಇದೊಂದೇ ಸಾಕು. ಯಾರಾದ್ರೂ ಏನಾದ್ರೂ ಅಳಿಸಿದ್ರೆ ಹಳೇ ಆವೃತ್ತಿ ವಾಪಸ್ ತರ್ಬಹುದು. ಒಬ್ರು ಎಡಿಟ್ ಮಾಡ್ತಿದ್ರೆ ಇನ್ನೊಬ್ರಿಗೆ 15 ನಿಮಿಷ ಲಾಕ್, ಅವ್ರು ಟೀ ಕುಡಿಯೋಕೆ ಹೋದ್ರೆ ನಾವು ಕಾಯ್ಬೇಕು.

ಕನ್ನಡದಲ್ಲಿ ಬರೆಯೋರಿಗೆ ಎರಡು ತಲೆನೋವಿದೆ, ಇದನ್ನ ಯಾರೂ ಮೊದ್ಲೇ ಹೇಳಲ್ಲ. ಪುಟದ ಹೆಸ್ರು ಉದ್ದ ಇದ್ರೆ ಸೇವ್ ಆಗಲ್ಲ. ಕನ್ನಡದ ಒಂದೊಂದು ಅಕ್ಷರ, ಒಂದೊಂದು ಕಾಗುಣಿತದ ಗುರುತೂ ಫೈಲ್ ಹೆಸ್ರಲ್ಲಿ ಒಂಬತ್ತು ಇಂಗ್ಲಿಷ್ ಅಕ್ಷರದ ಜಾಗ ತಿನ್ನುತ್ತೆ, ಫೈಲ್ ಹೆಸ್ರಿನ ಮಿತಿ ಅಂಥ 255 ಅಕ್ಷರ, ಅಲ್ಲಿಗೆ ಮುಗೀತು. ಹಂಗಾಗಿ ಪುಟದ ಹೆಸ್ರು ಚಿಕ್ಕದಾಗಿಟ್ಟು ಪೂರ್ತಿ ಶೀರ್ಷಿಕೆ ಒಳಗೆ ಬರೀತೀವಿ. ಎರಡನೇದು ಹುಡುಕಾಟ: 'ಬೂಷ್ಟು' ಅಂತ ಹುಡುಕಿದ್ರೆ 'ಬೂಷ್ಟಿಗೆ' ಸಿಗಲ್ಲ, 'ಬೂಷ್ಟ' ಅಂತ ಹೊಡೆದು ಪಕ್ಕ ನಕ್ಷತ್ರದ ಗುರುತು (*) ಹಾಕ್ಬೇಕು. ಹೊಸಬ್ರಿಗೆ ಹೇಳಿ ಹೇಳಿ ಸಾಕಾಗಿದೆ.

ಬೂಷ್ಟಿನ ಪುಟಾನೇ ನಮ್ಮಲ್ಲಿ ಜಾಸ್ತಿ ಓದೋದು. ಅದನ್ನ ಬರೆಸಿದ್ದು ನಮ್ಮ ಅಟೆಂಡರ್ ಅಣ್ಣ, ಅವ್ರು ಕೀಬೋರ್ಡ್ ಮುಟ್ಟಲ್ಲ, ಕಾಫಿ ಲೋಟ ಹಿಡ್ಕೊಂಡು ಹೇಳ್ತಾ ಹೋದ್ರು ನಾನು ಟೈಪ್ ಮಾಡ್ದೆ. ಒದ್ದೆ ಬಟ್ಟೆ ಹಾಕಿ ಒರೆಸ್ಬೇಡಿ, ಹೊರಗೆ ಜಗಲೀಲಿ ಒಣ ಬ್ರಷ್, ಮೂಗಿಗೆ ಮಾಸ್ಕ್. ನೆನೆದ ಬುಕ್ಕನ್ನ ಬಿಸಿಲಿಗೆ ಇಡ್ಬೇಡಿ (ಬಿಸಿಲಿದ್ರೆ ತಾನೇ ಅಂತ ಅವ್ರೇ ನಕ್ರು), ಹಾಳೆ ಮಧ್ಯೆ ಬ್ಲಾಟಿಂಗ್ ಪೇಪರ್ ಇಟ್ಟು ಫ್ಯಾನ್ ಕೆಳಗೆ ನಿಲ್ಸಿ, ಪೇಪರ್ ಬದಲಾಯಿಸ್ತಾ ಇರಿ. ಗೋಡೆಗೆ ಅಂಟ್ಕೊಂಡಿರೋ ರ‍್ಯಾಕನ್ನ ಮೇ ಮುಗಿಯೋದ್ರೊಳಗೆ ಒಂದು ಗೇಣು ಈಚೆ ಎಳೀರಿ. ಯಾವ ರ‍್ಯಾಕ್ ಅಂತಾನೂ ಇದೆ. ಪ್ರಿಂಟರ್ ಪುಟ ಮಾತ್ರ ಯಾರೂ ಮುಟ್ಟದೆ ಹಳಸಿದೆ, ಅದ್ರಲ್ಲಿರೋ ಮಾಡೆಲ್ ಗುಜ್ರಿಗೆ ಹೋಗಿ ಎಷ್ಟೋ ಕಾಲ ಆಯ್ತು. ಡೋಕುವಿಕಿಗೆ ಐದಕ್ಕೆ ನಾಲ್ಕು ಕೊಡ್ತೀನಿ, ಹೋದ ಒಂದು ಅಂಕ ನಮ್ಮ ಸೋಮಾರಿತನದ್ದು.

ರಜೆ ಪುಟಾನೂ ಈಗ ಇದೆ. ಕೈಲ್ ಮುಹೂರ್ತ ಸೆಪ್ಟೆಂಬರ್ 3, ತುಲಾ ಸಂಕ್ರಮಣ ಅಕ್ಟೋಬರ್ 17 ಇಲ್ಲಾ 18, ಹುತ್ತರಿ ಮಾತ್ರ ವರ್ಷಾ ವರ್ಷಾ ಬದ್ಲಾಗುತ್ತೆ, ಕಕ್ಕಬ್ಬೆ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ದಿನ ನಿಶ್ಚಯ ಆದ್ಮೇಲೆ ನೋಡಿ ಹಾಕಿ ಅಂತ ಕೆಂಪಲ್ಲಿ ಬರ್ದಿದೀನಿ. ಹೋದ್ ಸಲ ದಿನ ಗೊತ್ತಾದ ತಕ್ಷಣ ಅಣ್ಣ ಬಂದು ನೆನಪಿಸಿದ್ರು. ವಿಕೀಲಿ ಹಾಕಾಯ್ತು ಅಣ್ಣ ಅಂದೆ. "ವಿಕೀಲಿ ಸರಿ, ಕೋಹಾದಲ್ಲಿ ಹಾಕಿದ್ರಾ?" ಅಂದ್ರು. ಹಾಕಿರ್ಲಿಲ್ಲ.